ಹಸಿರು ಬಾವುಟಕ್ಕಾಗಿ ಕೊಯ್ದದ್ದು

ಸೆಪ್ಟೆಂಬರ್ 8, ಸೋಮವಾರ

ಊಟದ ಹಾಲ್ ಡ್ಯೂಟಿ ಮತ್ತೆ ನನಗೇ. ಮೂರು ಡಬ್ಬಿ, ಮೂರು ಬಣ್ಣ, ಮೇಲೆ ದೊಡ್ಡ ಚಿತ್ರ. ಆದರೂ ಗೊಬ್ಬರದ ಡಬ್ಬಿಯಲ್ಲಿ ಕೆಚಪ್ ಪ್ಯಾಕೆಟ್, ಪ್ಲಾಸ್ಟಿಕ್ ಫೋರ್ಕು, ಅರ್ಧ ಕಚ್ಚಿದ ಪಿಜ್ಜಾ... ಮೊಣಕೈವರೆಗೆ ಕೈ ಹಾಕಿ ಹೆಕ್ಕಿದೆ. ಇಷ್ಟು ವರ್ಷ ಬಯಾಲಜಿ ಕಲಿಸಿದ್ದಕ್ಕೆ ಸಿಕ್ಕ ಬಡ್ತಿ ಇದು.

ಒಂದೇ ಸಮಾಧಾನ — ಜಿಮ್ ಹಿಂದಿನ ಮಿಲ್ಕ್‌ವೀಡ್ ಪಾತಿ, ಎಕ್ಕದ ಜಾತಿಯ ಹಾಲುಗಿಡ. ನನ್ನ ಪರಿಸರ ಕ್ಲಬ್ಬಿನ ಮಾರಿಟ್ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬೀಜ ಹಾಕಿದಳು, ಈಗ ಹನ್ನೊಂದನೇ ಕ್ಲಾಸು. ಗಿಡ ಅವಳ ಎದೆಮಟ್ಟ. ನೋಡುವವರಿಗೆ ಬರೀ ಕಳೆ. ಮೊನಾರ್ಕ್ ಚಿಟ್ಟೆಗೆ ಅದೇ ಬಾಣಂತನದ ಮನೆ: ಮೊಟ್ಟೆ ಇಡುವುದೂ ಅದರ ಮೇಲೆ, ಮರಿ ತಿನ್ನುವುದೂ ಅದನ್ನೇ. ಇವತ್ತು ಎಲೆಯಡಿ ಪಟ್ಟೆಹುಳುಗಳು ಭರ್ತಿ. ಈ ತಿಂಗಳು ರೆಕ್ಕೆ ಬಂದವೇ ಚಳಿ ತಪ್ಪಿಸಿಕೊಳ್ಳಲು ಮಿನ್ನೆಸೋಟದಿಂದ ಮೆಕ್ಸಿಕೋವರೆಗೆ ಹಾರುವವು. ಮಾರಿಟ್ ಬಾಯಿ ಬಿಡುವುದೇ ಅಪರೂಪ. ಇವತ್ತು ಮಾತು ನಿಲ್ಲಿಸಲೇ ಇಲ್ಲ.

ಸೆಪ್ಟೆಂಬರ್ 10

ಸ್ಟಾಫ್ ಮೀಟಿಂಗ್. ನಮಗೆ ‘ಹಸಿರು ಶಾಲೆ’ ಪ್ರಶಸ್ತಿಯ ಬಾವುಟ ಸಿಕ್ಕಿದೆಯಂತೆ. ಹತ್ತೊಂಬತ್ತಕ್ಕೆ ಸಮಾರಂಭ, ಹೊರಗಿನಿಂದ ಅತಿಥಿಗಳು. ಬಾವುಟ ಬಂದದ್ದೇ ಮಾರಿಟ್‌ಳ ಪಾತಿಯಿಂದ. ಆದರೆ ಪ್ರಿನ್ಸಿಪಾಲ್ ಡೇಲ್ ಮುಖ ನೋಡಬೇಕಿತ್ತು, ತಾನೇ ಹೆತ್ತ ಹಾಗೆ. ಹೊರಡುವಾಗ ನನಗೆ ಹೇಳಿದ, ಅವತ್ತು ಶಾಲೆ ನೀಟಾಗಿ ಕಾಣಬೇಕು ಎಂದು. ಊಟದ ಹಾಲ್ ಡಬ್ಬಿಗಳ ಮಾತು ಅಂದುಕೊಂಡೆ. ತಲೆಯಾಡಿಸಿದೆ.

ಸೆಪ್ಟೆಂಬರ್ 15, ಬೆಳಿಗ್ಗೆ

ಪಾರ್ಕಿಂಗ್‌ಗೇ ವಾಸನೆ ಬಂತು. ಕೊಯ್ದ ಹಸಿ ಗಿಡದ ವಾಸನೆ.

ಪಾತಿ ಇಲ್ಲ. ಶನಿವಾರ, ಭಾನುವಾರ ಯಾರೂ ಇಲ್ಲದಾಗ ಹುಲ್ಲು ಕೊಯ್ಯುವ ಮೊವರ್ ಓಡಿಸಿದ್ದಾರೆ. ಅಂಚಿನ ಹೂಗಿಡಗಳೂ ಹೋದವು. ಬುಡಗಳಲ್ಲಿ ಹಾಲು ಒಣಗಿ ಅಂಟು. ನಡುವೆ ಪಟ್ಟೆಹುಳುಗಳ ಚೂರು, ಹಸಿರು ರಸ. ನನ್ನ ಶೂಗೆ ಮೆತ್ತಿಕೊಂಡಿತು. ಹುಲ್ಲಿಗೆ ಉಜ್ಜಿದೆ, ಹೋಗಲಿಲ್ಲ. ನಾವು ನೆಟ್ಟ ಬೋರ್ಡ್ ಮಾತ್ರ ನಿಂತಿದೆ: ‘ಇಲ್ಲಿ ಚಿಟ್ಟೆಗಳು ಹುಟ್ಟುತ್ತವೆ.’ ಅದಕ್ಕೆ ತಾಗದ ಹಾಗೆ, ಬಹಳ ಜೋಪಾನವಾಗಿ ಸುತ್ತು ಹಾಕಿ ಕೊಯ್ದಿದ್ದಾರೆ.

ಅದೇ ದಿನ, ಮಧ್ಯಾಹ್ನ

ಕೂಗಾಡಲೆಂದೇ ಡೇಲ್ ರೂಮಿಗೆ ಹೋದೆ. ಅವನು ಕಾಫಿ ಕೊಟ್ಟ. ಅತಿಥಿಗಳು ಬರುವಾಗ ಕಳೆ ಚೆನ್ನಾಗಿರುವುದಿಲ್ಲವಂತೆ, ಬರುವ ವರ್ಷ ತಾನೇ ಚಿಗುರುತ್ತದಂತೆ. ಹುಳುಗಳು ಅಂದೆ.

“ಚಿಟ್ಟೆ ತಾನೇ ಇಂಗ್ರಿಡ್? ಆರ್ಡರ್ ಮಾಡಿದೀನಿ ಬಿಡಿ. ಕೊರಿಯರಲ್ಲಿ ಬರ್ತವೆ. ಮಕ್ಕಳ ಕೈಗೆ ಒಂದೊಂದು ಕವರ್.”

ಮದುವೆಗಳಲ್ಲಿ ಬಿಡುತ್ತಾರಲ್ಲ, ಸಾಕಿದ ಜೀವಂತ ಚಿಟ್ಟೆ, ಅವು. ರೆಕ್ಕೆ ಮಡಿಸಿ, ಅಲ್ಲಾಡದಿರಲಿ ಎಂದು ಪಕ್ಕಕ್ಕೆ ಐಸ್ ಇಟ್ಟು ಕಳಿಸುತ್ತಾರೆ. ಬಾವುಟ ಏರುವಾಗ ಮೊದಲ ಕವರ್ ಮಾರಿಟ್ ಬಿಡಿಸಬೇಕಂತೆ. ಅವಳು ಒಪ್ಪುವುದಿಲ್ಲ ಅಂದೆ.

“ನೀವ್ ಹೇಳಿದ್ರೆ ಒಪ್ತಾಳೆ.”

ಗೊತ್ತು ಅವನಿಗೆ. ಅಸಹ್ಯ ಅಂದರೆ ಅದೇ.

ಸೆಪ್ಟೆಂಬರ್ 16

ಮಾರಿಟ್ ಅಳಲಿಲ್ಲ. ಕ್ಲಬ್ ಬಿಡ್ತೀನಿ ಅಂದಳು. ಬರುವ ಚಿಟ್ಟೆಗಳದ್ದೇನು ತಪ್ಪು, ನೀನಿದ್ದರೆ ಸರಿಯಾಗಿ ಹಿಡಿಯುವವಳು ಒಬ್ಬಳಾದರೂ ಇರುತ್ತಾಳೆ ಅಂದೆ. ಒಪ್ಪಿದಳು. ನನ್ನ ಮಾತಿಗೆ ನನಗೇ ಹೇಸಿಗೆಯಾಯಿತು.

ಸೆಪ್ಟೆಂಬರ್ 19, ಸಂಜೆ

ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಮಿನ್ನೆಸೋಟದ ಸೆಪ್ಟೆಂಬರ್ ಚಳಿ ಯಾರನ್ನೂ ಕೇಳಿ ಬರುವುದಿಲ್ಲ. ಈ ಚಳಿಗೆ ಚಿಟ್ಟೆ ಹಾರುವುದಿಲ್ಲ, ಮಧ್ಯಾಹ್ನ ಇಟ್ಟುಕೊಳ್ಳಿ ಎಂದು ಡೇಲ್‌ಗೆ ಹೇಳಿದೆ. ಅತಿಥಿಗಳು ಆಮೇಲೆ ಇನ್ನೊಂದು ಶಾಲೆಗೆ ಹೋಗಬೇಕಂತೆ.

ಭಾಷಣ. ಬಾವುಟ ಏರಿತು. ಡೇಲ್ ಮೈಕಿನಲ್ಲಿ ಮಾರಿಟ್‌ಳ ಹೆಸರು ಕರೆದ. ಅವಳು ಕವರ್ ಬಿಡಿಸಲಿಲ್ಲ, ಸ್ವೆಟರ್ ಒಳಗೆ ಇಟ್ಟುಕೊಂಡಳು. ಅವನು ಕಾಯಲಿಲ್ಲ, ಉಳಿದವರಿಗೆ ಕೈಸನ್ನೆ ಮಾಡಿದ. ಎಲ್ಲರೂ ಬಿಡಿಸಿದರು.

ಒಂದೂ ಹಾರಲಿಲ್ಲ. ತರಗೆಲೆ ಹಾಗೆ ಅಂಗೈಯಿಂದ ಜಾರಿ ಬಿದ್ದವು. ಕೆಲವು ಕವರಿನಲ್ಲೇ ಸತ್ತಿದ್ದವು. “ಅವಕ್ಕೆ ಸ್ವಲ್ಪ ನಾಚಿಕೆ” ಅಂದ ಡೇಲ್. ನಗು, ಚಪ್ಪಾಳೆ. ಅತಿಥಿಗಳು ಫೋಟೋಗೆಂದು ಮುಂದೆ ಬಂದರು, ನೆಲ ನೋಡದೆ, ಬೂಟುಗಾಲಲ್ಲೇ. ಥೂ. ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಮಾರಿಟ್ ಮಂಡಿಯೂರಿ, ಬೂಟುಗಳ ಮಧ್ಯೆ ಕೈ ಹಾಕಿ, ಬಿದ್ದ ಚಿಟ್ಟೆಗಳನ್ನು ತನ್ನ ಟಿಫಿನ್ ಡಬ್ಬಿಗೆ ತುಂಬಿದಳು. ಫೋಟೋದಲ್ಲಿ ಅವಳ ಬೆನ್ನು ಮಾತ್ರ ಬಂದಿದೆ.

ಲ್ಯಾಬಿನ ದೀಪದ ಶಾಖಕ್ಕೆ ಇಟ್ಟೆವು. ಸ್ವೆಟರ್ ಒಳಗಿನದು ಮೊದಲು ರೆಕ್ಕೆ ಬಿಚ್ಚಿತು. ಆಮೇಲೆ ಇನ್ನೊಂದೆರಡು. ಅವಳು ಒಂದನ್ನು ಬೆರಳಿಗೆ ಹತ್ತಿಸಿಕೊಂಡಳು. ಹೊರಗೆ ಅಷ್ಟು ಹೊತ್ತಿಗೆ ಒಳ್ಳೆಯ ಬಿಸಿಲು.

“ಇವನ್ನ ಎಲ್ಲಿ ಬಿಡೋಣ, ಮಿಸ್?”

ಕಿಟಕಿಗೆ ಹೋದೆ. ಬಾವುಟದ ಕಂಬದವರೆಗೆ ನುಣ್ಣನೆಯ ಹುಲ್ಲು. ಆಚೆ ಪಾರ್ಕಿಂಗ್. ಅದರಾಚೆ ಫುಟ್‌ಬಾಲ್ ಮೈದಾನ, ಮತ್ತೆ ಹುಲ್ಲು. ಹೂವು ಅಂತ ಒಂದಾದರೂ... ಅವಳು ಬೆರಳು ಮೇಲೆತ್ತಿಕೊಂಡೇ ಕಾಯುತ್ತಿದ್ದಳು. ನಾನು ತಿರುಗಿ ಅವಳಿಗೆ, ಈ ಶಾಲೆಯಲ್ಲಿ ಎಲ್ಲೂ ಜಾಗ ಇಲ್ಲ ಅಂದೆ, ಕಾರಿನ ಕೀ ತೆಗೆದುಕೊಂಡೆ.