ಅವರ್ಸಾ ಮರಳಿನ ಮಹಾಮತ್ಸ್ಯ

ಜಲರಾಶಿಗೊಡೆಯನಾದ ವರುಣದೇವನಿಗೆ ಶಿರಸಾ ವಂದನೆ.

ವಿಶ್ವಾವಸು ಸಂವತ್ಸರ, ಶ್ರಾವಣ ಶುದ್ಧ ತ್ರಯೋದಶಿ, ಗುರುವಾರ. ೭ ಆಗಸ್ಟ್ ೨೦೨೫

ಸಂಧ್ಯಾವಂದನೆಯ ತರುವಾಯ ಎಂದಿನಂತೆ ನಮ್ಮೂರು ಅವರ್ಸಾದ ಕಡಲದಂಡೆಗೆ. ಮಕ್ಕಳು ಮೊದಲೇ ಹಾಜರು. ಕಪ್ಪೆಚಿಪ್ಪು, ಹೊನ್ನೆಕಾಯಿ, ತೆಂಗಿನ ಗರಿ, ಕಡಲಬಳ್ಳಿಯ ನೇರಳೆ ಹೂ — ಇವೇ ನಮ್ಮ ವರ್ಣಗಳು. ಪೇಂಟ್ ನಿಷಿದ್ಧ. ಮರಳಲ್ಲಿ ಚಿತ್ರ ಬಿಡಿಸುವುದು, ತೆರೆಗೆ ಒಪ್ಪಿಸುವುದು... ಮೀನುಗಾರ ಮಧುಕರನ ಮಗಳು ಯೋಗಿತಾ ಮಾತ್ರ ಮುನಿದಿದ್ದಳು.

"ಅಪ್ಪ ಬರೂದ್ರೊಳಗೆ ಅಳ್ಸೇ ಹೋಗ್ತದೆ ಅಜ್ಜಾ. ಒಂದಾರೂ ನೋಡ್ಲಿಲ್ಲ ಅಂವ."

ಹುಣ್ಣಿಮೆಯಂದು ತೆರೆ ಮುಟ್ಟದ ಎತ್ತರದಲ್ಲಿ ರಚಿಸೋಣವೆಂದು ವಚನವಿತ್ತೆ.

ಪೂರ್ಣಿಮೆ, ಶನಿವಾರ. ೯ ಆಗಸ್ಟ್, ಸಾಯಂಕಾಲ

ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಪರ್ವ. ದೋಣಿಗಳು ಹೊರಟ ಮೇಲೆ ಮರಳಲ್ಲಿ ಮಹಾಮತ್ಸ್ಯದ ರಚನೆ. ಚಿಪ್ಪಿನ ಹುರುಪೆಗಳೆಲ್ಲ ಯೋಗಿತಾಳ ಕೈಯವು. ಆನಂದಾತಿರೇಕದಲ್ಲಿ ನಡುವೆ ಅಕ್ಷತೆಯಿಟ್ಟು ವರುಣನನ್ನು ಆವಾಹಿಸಿಬಿಟ್ಟೆ! ಅದು ದೋಣಿ ಎಳೆದು ಏರಿಸುವ ಜಾಗವೆಂಬುದು ಹೊಳೆಯಲೇ ಇಲ್ಲ.

ಮಧುಕರನ ದೋಣಿ ಬಂತು. ಸೊಂಟಮಟ್ಟ ನೀರಿಗಿಳಿದವರು ಅಕ್ಷತೆ ಕಂಡು ನಿಂತರು. ಮಧುಕರ ಕೂಗಿದ —

"ಬಟ್ರೇ, ದೇವ್ರ ಕೂರ್ಸೀರಲಾ! ದೋಣಿ ಎಲ್ಲಿ ಏರ್ಸೂದು, ನಿಮ್ಮ ತಲೆ ಮೇಲಾ?"

"ದಾಟಿ ಬಾರಯ್ಯ, ದೋಷವಿಲ್ಲ."

"ಹಬ್ಬದ ದಿನ ದೇವ್ರ ತುಳೀಲಾ? ನಾ ಒಲ್ಲೆ!"

ಎರಡೂ ಬದಿ ಬಂಡೆ. ತೆರೆ ದೋಣಿಯನ್ನು ಅತ್ತಲೇ ನೂಕುತ್ತಿದೆ. ವಿಸರ್ಜನೆಯೊಂದೇ ಮಾರ್ಗ. ಆದರೆ ಯೋಗಿತಾಳಿಗೆ ಕೊಟ್ಟ ವಚನ? ಅವಳತ್ತ ನೋಡಿದೆ. ತಟ್ಟನೆ ಕೂಗಿದಳು —

"ಅಪ್ಪಾ, ಮೊದ್ಲು ನೋಡು!"

"ನೋಡ್ದೆ ಮಗಾ! ಇಸ್ವಾಣ ಮೀನಿಗೆ ಇಷ್ಟ್ ಹೊಟ್ಟೆ ಎಲ್ಲಿ ಇರ್ತದೆ?"

"ಇಸ್ವಾಣ ಅಲ್ಲ, ದೇವ್ರ ಮೀನು! ನಿಂಗೆ ಏನೂ ತಿಳೂದಿಲ್ಲ!"

ಬೊಗಸೆ ನೀರು ತಂದು ಅವಳೇ ಪ್ರೋಕ್ಷಿಸಿದಳು. ಅಕ್ಷತೆ ಕದಲಿಸಿ, ದೇವನನ್ನು ಸ್ವಸ್ಥಾನಕ್ಕೆ ಬೀಳ್ಕೊಟ್ಟೆ. ಮಕ್ಕಳೆಲ್ಲ ಹಗ್ಗಕ್ಕೆ ಕೈಹಚ್ಚಿದರು — ನಾನೂ. ಐಸಾ! ದೋಣಿ ಮತ್ಸ್ಯದ ಬೆನ್ನಮೇಲೆ ಸಾಗಿ ಬಂತು. ಬಾಲವೊಂದುಳಿಯಿತು. ಒದ್ದೆ ಬಟ್ಟೆಯಲ್ಲೇ ಮಧುಕರ ಅದರೆದುರು ಕುಕ್ಕರಗಾಲಲ್ಲಿ ಕುಳಿತ; ಬಹಳ ಹೊತ್ತು ಏಳಲಿಲ್ಲ.

ಬಹುಳ ಪಾಡ್ಯ, ರವಿವಾರ. ೧೦ ಆಗಸ್ಟ್, ಪ್ರಾತಃಕಾಲ

ಇಂದು ಮಧುಕರ ಕಡಲಿಗೆ ಇಳಿದಿಲ್ಲ. ಬಂಡೆಯ ಮೇಲ್ಬದಿ, ಯಾರ ದಾರಿಯೂ ಅಲ್ಲದಲ್ಲಿ, ಮಗಳೊಡನೆ ಚಿಪ್ಪು ಜೋಡಿಸುತ್ತಿದ್ದಾನೆ. "ಸೊಟ್ಟ ಇಟ್ಟೆ, ತೆಗಿ!" ಎಂದು ಅವಳ ಗದರಿಕೆ ಇಲ್ಲಿಗೂ ಕೇಳಿಸುತ್ತಿದೆ.

ಜೋಡಿಸಿದ ಕೈಗಳಿಗೂ, ಹಗ್ಗವೆಳೆದ ಭುಜಗಳಿಗೂ, ತುಳಿಯಲೊಪ್ಪದ ಪಾದಗಳಿಗೂ ಮಂಗಳವಾಗಲಿ. ಹಾಗೆಯೇ ಆ ಪುಟ್ಟ ಯೋಗಿತಾ... ಇಗೋ, ಕರೆಯುತ್ತಿದ್ದಾಳೆ —