ಯಳಂದೂರಿನ ಕೋಟಿನ ಗುಂಡಿ

ಕೊಳ್ಳೇಗಾಲ
೧೮ ಫೆಬ್ರವರಿ ೧೯೬೩

ಪ್ರೀತಿಯ ಗೆಳತಿ ನಿಂಗಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅವ್ವನ ಕೋಪವೂ ಇಳಿದಿದೆ. ಹನೂರಿನಲ್ಲಿ ನೀನು, ನಿಮ್ಮ ಯಜಮಾನರು, ಕೂಸು ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕವರು ಬಂದಾಗ ಒಳಗೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಒಡೆದು ನೋಡಿದರೆ ಹಸಿರು ಅರ್ಧಚಂದ್ರದ ಗುಂಡಿ. ನಿಮ್ಮತ್ತೆಯ ಹಳೇ ಜಾಕೀಟಿನದು ಎಂದು ಬರೆದಿದ್ದೀಯೆ. ಅವರನ್ನು ಕೇಳಿ ಕತ್ತರಿಸಿದೆ ತಾನೆ?

ಹೆಣ್ಣು ನೋಡಲು ಬಂದವರ ಸುದ್ದಿ ಏನಾಯಿತು ಎಂದು ಕೇಳಿದ್ದೀಯೆ. ನಮ್ಮ ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಗಂಡಿನ ತಂದೆಯ ಕೋಟನ್ನೇ ನಾನು ಬಿಚ್ಚಿಸಿಕೊಂಡೆ ಎನ್ನುವವರೆಗೂ ಮಾತು ಬೆಳೆದಿದೆ. ಅದು ಪೂರ್ತಿ ಸುಳ್ಳಲ್ಲ. ಹಾಗಾಗಿ ನಡೆದದ್ದನ್ನು ನಾನೇ ಹೇಳುತ್ತೇನೆ.

ನನ್ನ ಗುಂಡಿಯ ಹುಚ್ಚು ನಿನಗೆ ಹೊಸದಲ್ಲ. ಅಪ್ಪನ ಜವಳಿ ಅಂಗಡಿಯ ಅಟ್ಟದಲ್ಲಿ ಆ ತಗಡಿನ ಡಬ್ಬಿ ಸಿಕ್ಕ ದಿನ ನೀನೂ ಜೊತೆಯಲ್ಲಿದ್ದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ, ಈ ಊರು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗ, ತಾತ ಅಲ್ಲಿಂದ ತರಿಸಿದ್ದ ಸೀಮೆ ಗುಂಡಿಗಳು. ಒಂದು ಬೀಸಣಿಗೆಯ ಹಾಗೆ, ಒಂದರಲ್ಲಿ ಸೂರ್ಯ ಹುಟ್ಟುತ್ತಿದ್ದಾನೆ, ಒಂದು ಅರ್ಧ ಕಪ್ಪು ಅರ್ಧ ಕೆಂಪು. ಈಗ ಬರುವ ಗುಂಡಿಗಳನ್ನು ನೋಡು, ಬಿಳಿ ಬಿಲ್ಲೆ, ನಾಲ್ಕು ತೂತು, ಮುಗಿಯಿತು. ಉಗುರಿನಷ್ಟು ಅಗಲದ ಸಾಮಾನಿಗೆ ಯಾವ ದೇಶದವನೋ ಕೂತು ಇಷ್ಟೊಂದು ಯೋಚನೆ ಮಾಡಿದನಲ್ಲ ಎಂದು ನನಗೆ ಆಗಿನಿಂದಲೂ ಬೆರಗು. ನೀನು ಮದುವೆಯಾಗಿ ಹೋದ ಮೇಲೆ ನನ್ನ ಹುಚ್ಚು ಇನ್ನೂ ಹೆಚ್ಚಾಯಿತು. ದರ್ಜಿಗಳ ಹತ್ತಿರ, ಮಗ್ಗದ ಮನೆಗಳಲ್ಲಿ, ಸತ್ತೇಗಾಲದ ನೆಂಟರ ಪೆಟ್ಟಿಗೆಗಳಲ್ಲಿ, ಎಲ್ಲೆಲ್ಲಿ ಹಳೇ ಕೋಟು ಇದೆ ಎಂದು ಗೊತ್ತಾದರೂ ಹೋಗಿ ಕೇಳುತ್ತೇನೆ. ಜನ ನಗುತ್ತಾರೆ, ಆದರೆ ಕೊಡುತ್ತಾರೆ.

ಆ ದಿನ ಯಳಂದೂರಿನಿಂದ ಬಂದವರು ಮೂವರು. ಹುಡುಗ, ಅವನ ತಂದೆ ಗುರುಸಿದ್ದಯ್ಯನವರು, ಮತ್ತು ಗುರುಸಿದ್ದಯ್ಯನವರ ಅಕ್ಕ ಬಸವಮ್ಮನವರು. ತಾಯಿ ತೀರಿಕೊಂಡು ಬಹಳ ವರ್ಷವಾಯಿತಂತೆ, ಆ ಮನೆ ನಡೆಯುವುದು ಸೋದರತ್ತೆಯ ಮಾತಿನಲ್ಲಿ. ಹುಡುಗ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ನೋಡಲು ವಿಶೇಷವೇನಿಲ್ಲ. ಕಿವಿ ಸ್ವಲ್ಪ ದೊಡ್ಡದು.

ತಲೆ ಎತ್ತಬೇಡ ಎಂದು ಅವ್ವ ಮೂರು ಸಲ ಹೇಳಿ ಕಾಫಿ ತಟ್ಟೆ ಕೈಗೆ ಕೊಟ್ಟಿದ್ದರು. ನಾನು ಎತ್ತಲೂ ಇಲ್ಲ. ಹುಡುಗನ ತಂದೆಯ ಮುಂದೆ ಬಗ್ಗಿದಾಗ ಕಣ್ಣಿಗೆ ನೇರವಾಗಿ ಬಿದ್ದದ್ದು ಅವರ ಕಂದು ಕೋಟಿನ ಗುಂಡಿ. ಬೆಣ್ಣೆ ಬಣ್ಣದ ಮೇಲೆ ಕಪ್ಪು ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ಕುಂಕುಮದಷ್ಟು ಕೆಂಪು. ನಿಂಗಿ, ಅಂಥದ್ದನ್ನು ನಾನು ಈ ಕಡೆ ಎಲ್ಲಿಯೂ ಕಂಡಿಲ್ಲ. ಕಾಫಿ ಕೊಡುವುದನ್ನು ಮರೆತು, "ಈ ಕೋಟು ಎಲ್ಲಿ ಹೊಲಿಸಿದ್ದು?" ಎಂದು ಕೇಳಿಬಿಟ್ಟೆ.

ಅವ್ವ ಬಾಗಿಲ ಹಿಂದಿನಿಂದ ಕೆಮ್ಮಿದರು. ಗುರುಸಿದ್ದಯ್ಯನವರು ಮಾತ್ರ ನನ್ನನ್ನೇ ನೋಡಿ, "ಕೊಯಮತ್ತೂರ್ನಲ್ಲಿ ಕನವ್ವ. ಯಾಕೆ?" ಎಂದರು. ಗುಂಡಿ ಬೇಕಲೈಟ್ ಎನ್ನುವ ಹಳೇ ಪ್ಲಾಸ್ಟಿಕ್ಕಿನದಿರಬೇಕು, ಹೆಬ್ಬೆರಳಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಮೂಸಿದರೆ ಔಷಧಿ ವಾಸನೆ ಬರುತ್ತದೆ ಎಂದೆ. ಅವರು ಎರಡನೇ ಮಾತಾಡದೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನೂ ಅಲ್ಲೇ ಚಾಪೆಯ ಮೇಲೆ ಕೂತು, ಉಜ್ಜಿ, ಮೂಸಿದೆ. ವಾಸನೆ ಬಂತು. "ಕೊಡಿ ಇಲ್ಲಿ" ಎಂದು ಹುಡುಗನೂ ಕೈಚಾಚಿ ಇಸಿದುಕೊಂಡು ಮೂಸಿದ. "ಊಂ ಕನಪ್ಪ, ನಮ್ಮ ಆಸ್ಪತ್ರೆ ಕಾರ್ಬಾಲಿಕ್ ಇದ್ದಂಗದೆ" ಎಂದ. ಅಪ್ಪ ನಕ್ಕರು. ಬಸವಮ್ಮನವರು ನಗಲಿಲ್ಲ.

ಒಂದು ವಾರ ಕಳೆದು ಮಧ್ಯಸ್ಥರ ಮೂಲಕ ಮಾತು ಬಂತು. ಹುಡುಗಿ ಒಪ್ಪಿಗೆ, ಆದರೆ ಆ ಗುಂಡಿ ಡಬ್ಬಿ ಯಳಂದೂರಿನ ಹೊಸಿಲು ದಾಟಬಾರದು, ಯಾರೋ ಸತ್ತವರ ಬಟ್ಟೆಯಿಂದ ಕಿತ್ತದ್ದನ್ನು ಮದುಮಗಳು ಮನೆಯೊಳಕ್ಕೆ ತರುವುದು ಶುಭವಲ್ಲ ಎಂದು ಸೋದರತ್ತೆ ಹೇಳಿ ಕಳಿಸಿದ್ದರು.

ಅವ್ವನಿಗೆ ಇದು ಏನೂ ಅಲ್ಲ. "ಆ ಡಬ್ಬ ನಿಂಗಿ ಮನೇಗೆ ಕಳ್ಸಿಬುಡು, ಅತ್ಲಾಗೆ ಪೀಡೆ ಓಯ್ತದೆ" ಎಂದರು. ಅಪ್ಪ ಮೆತ್ತಗೆ, "ಅಲ್ಲ ಕೂಸೇ, ಒಳ್ಳೇ ಮನೆ ಕನವ್ವ. ಗುಂಡಿಗೋಸ್ಕರ ಕಳ್ಕಬೇಡ" ಎಂದರು. ನಾನು ಬಹಳ ಯೋಚನೆ ಮಾಡಿದೆ. ಡಬ್ಬಿ ಬಿಡುವುದು ಕಷ್ಟವಾಗಿರಲಿಲ್ಲ, ನಿಜ ಹೇಳುತ್ತೇನೆ. ಆದರೆ ಯಾರ ಮನೆಗೆ ಹೋದರೂ ಗುಂಡಿ ಕೊಡುವಾಗ ಅವರು ಒಂದು ಮಾತು ಹೇಳುತ್ತಾರೆ. ಇದು ನಮ್ಮಣ್ಣ ರಂಗೂನಿಗೆ ಹೋಗುವಾಗ ಹೊಲಿಸಿದ ಕೋಟು, ಇದು ನಮ್ಮಜ್ಜಿ ಹಾಕಿಕೊಂಡು ಫೋಟೋ ತೆಗೆಸಿಕೊಂಡ ಜಾಕೀಟು. ನಂಬಿ ಕೊಟ್ಟದ್ದನ್ನೆಲ್ಲ ಪೀಡೆ ಎಂದು ಒಪ್ಪಿಕೊಂಡು ಹೊಸಿಲಾಚೆ ಇಡಬೇಕಲ್ಲ, ಅದು ಮನಸ್ಸಿಗೆ ಬರಲಿಲ್ಲ. ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. "ಗುಂಡೀನೇ ಮದ್ವೆ ಆಗು ಓಗು" ಎಂದು ಅವ್ವ ನನ್ನೊಡನೆ ಮಾತು ಬಿಟ್ಟರು. ಸಾರಿಗೆ ಉಪ್ಪು ಕಡಿಮೆಯಾದರೂ ಅಪ್ಪನಿಗೆ ಹೇಳಿ ನನಗೆ ಹೇಳಿಸುತ್ತಿದ್ದರು.

ಸಂಬಂಧ ಮುರಿಯಿತೆಂದೇ ಎಲ್ಲರೂ ತಿಳಿದಿದ್ದೆವು. ಹೋದ ವಾರ ಸಂತೆಯ ದಿನ ನಾನು ಅಂಗಡಿಗೆ ಅಪ್ಪನ ಬುತ್ತಿ ತೆಗೆದುಕೊಂಡು ಹೋದರೆ, ಗಲ್ಲಾದ ಮುಂದೆ ಅವರು, ಅದೇ ಕಾಂಪೌಂಡರು, ಕೂತಿದ್ದಾರೆ. ಯಳಂದೂರು ಬಸ್ಸಿನಲ್ಲಿ ಬಂದರಂತೆ, ಶರ್ಟಿನ ಬಟ್ಟೆ ಬೇಕಿತ್ತಂತೆ. ಯಳಂದೂರಿನಲ್ಲಿ ಶರ್ಟಿನ ಬಟ್ಟೆ ಸಿಗುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಅಪ್ಪ ನನ್ನನ್ನು ಅಲ್ಲೇ ಇರಲು ಹೇಳಿ, ಒಂದು ಥಾನಿನ ಮಡಿಕೆ ಬಿಚ್ಚುತ್ತ ಮುಖ ಆ ಕಡೆ ತಿರುಗಿಸಿಕೊಂಡರು.

ಅವರು ಹೇಳಿದ್ದು ಹೀಗೆ. ಆ ಕೋಟಿನ ಗುಂಡಿಯನ್ನು ಆರಿಸಿದವರು ಅವರ ತಾಯಿ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಕೊಯಮತ್ತೂರಿಗೆ ಹೋಗಿದ್ದಾಗ, ದರ್ಜಿ ಸಾದಾ ಗುಂಡಿ ಸಾಕು ಎಂದರೂ ಕೇಳದೆ, ಇದೇ ಬೇಕೆಂದು ಹಟ ಹಿಡಿದಿದ್ದರಂತೆ. ತಾಯಿ ಹೋದ ಮೇಲೆ ಗುರುಸಿದ್ದಯ್ಯನವರು ಮನೆಯಲ್ಲಿ ಅವರ ಹೆಸರನ್ನೇ ಎತ್ತಿರಲಿಲ್ಲ. ಅಮ್ಮ ಹೇಗಿದ್ದರು ಎಂದು ಮಗ ಕೇಳಿದರೂ ಎದ್ದು ಹೊಲದ ಕಡೆ ಹೋಗಿಬಿಡುತ್ತಿದ್ದರಂತೆ. ನಮ್ಮ ಮನೆಯಿಂದ ವಾಪಸ್ಸು ಹೋಗುವಾಗ ಮಾತ್ರ ಬಸ್ಸಿನಲ್ಲಿ ಕೂತು, ಕೋಟಿನ ಗುಂಡಿ ಉಜ್ಜುತ್ತ, ಯಳಂದೂರು ಬರುವತನಕ ಹೆಂಡತಿಯ ವಿಷಯವನ್ನೇ ಮಾತಾಡಿದರಂತೆ.

"ನಮ್ಮವ್ವ ಅಷ್ಟು ಹಟಮಾರಿ ಅಂತ ನಂಗೆ ಗೊತ್ತೇ ಇರ್ನಿಲ್ಲ" ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಕೈಯಲ್ಲಿದ್ದ ಬಟ್ಟೆಯ ಅಂಚನ್ನು ನೀವುತ್ತಿದ್ದರು. "ನೀವು ಆಗಲ್ಲ ಅಂದ ಸುದ್ದಿ ಬಂದ ಮೇಲೆ ನಮ್ಮಪ್ಪ ಅತ್ತೆ ಮುಂದೆ ಕೋಟು ತಂದು ಮಡಗಿದ್ರು. ಸತ್ತೋರ ಗುಂಡಿ ಮನೇಲಿರಬಾರ್ದು ಅಂದ್ರೆ ಮೊದ್ಲು ಇದ್ನ ತಿಪ್ಪೆಗೆ ಹಾಕು ಕನಕ್ಕ ಅಂದ್ರು. ಅತ್ತೆ ಆ ಕೋಟ್ನ ಮಡಿಲಲ್ಲಿ ಇಟ್ಕಂಡು ಒಂದೊಂದೇ ಗುಂಡಿ ಒರೆಸಿದ್ರು. ಆಮೇಲೆ ಎದ್ದು ಬಿಸಿಲಿಗೆ ಹಾಕಿದ್ರು. ಡಬ್ಬಿ ಮಾತು ಮತ್ತೆ ಎತ್ನಿಲ್ಲ."

ಆ ಗುಂಡಿ ಒಂದೇ ಒಂದು ಸಿಕ್ಕೀತೇ ಎಂದು ಕೇಳಿದೆ. ನನ್ನ ನಾಲಗೆಗೆ ಬೇರೆ ಮಾತೇ ಬರುವುದಿಲ್ಲವೋ ಏನೋ.

"ನಮ್ಮಪ್ಪ ಕೊಡಲ್ಲ" ಎಂದರು. "ನೋಡ್ಬೇಕು ಅನ್ಸಿದಾಗ ಬಂದು ನೋಡ್ಲಿ ಅಂದವ್ರೆ. ದಿನಾ ನೋಡ್ಬೇಕು ಅನ್ಸಿದ್ರೆ ಅಲ್ಲೇ ಇರ್ಬೇಕಾಯ್ತದೆ."

ಅಪ್ಪ ಆ ಥಾನನ್ನು ಅಷ್ಟು ಹೊತ್ತು ಬಿಚ್ಚಿ ಬಿಚ್ಚಿ ಬಟ್ಟೆಯೆಲ್ಲ ನೆಲಕ್ಕೆ ಬಿದ್ದಿತ್ತು. ನಾನು ಬುತ್ತಿ ಇಟ್ಟು ಮನೆಗೆ ಬಂದುಬಿಟ್ಟೆ. ಅವರು ಬಟ್ಟೆ ಕೊಂಡರೋ ಇಲ್ಲವೋ ಗೊತ್ತಿಲ್ಲ.

ಅವ್ವ ಈಗ ನನ್ನೊಡನೆ ಮಾತಾಡುತ್ತಾರೆ. ನನ್ನನ್ನು ಕೇಳದೆಯೇ ಸಂಡಿಗೆಗೆ ಅಕ್ಕಿ ನೆನೆಹಾಕಿದ್ದಾರೆ. ನಾನಿನ್ನೂ ಏನನ್ನೂ ಹೇಳಿಲ್ಲ ಎನ್ನುವುದನ್ನು ನೀನು ಗಮನದಲ್ಲಿಡು. ಹನೂರಿನಲ್ಲಿ ಯಾರಾದರೂ ಕೇಳಿದರೆ ಇನ್ನೂ ಯಾವುದೂ ಗಟ್ಟಿಯಾಗಿಲ್ಲ ಎಂದೇ ಹೇಳು. ಕೂಸಿಗೆ ನನ್ನ ಮುತ್ತು.

ಎಂದೂ ನಿನ್ನವಳಾದ
ಸುವರ್ಣ

ಮರೆತಿದ್ದು: ಬರೆದದ್ದನ್ನು ಒಂದು ಸಲ ಓದಿ ನೋಡಿದೆ. ಇಷ್ಟುದ್ದದ ಕಾಗದದಲ್ಲಿ ಅವರ ಹೆಸರೇ ಇಲ್ಲ. ಇಲ್ಲಾದರೂ ಬರೆಯೋಣವೆಂದು ಪೆನ್ನು ಎತ್ತಿದೆ, ಕೈ ಬರಲಿಲ್ಲ. ಇನ್ನು ನಾನು ಆ ಹೆಸರನ್ನು ಬರೆಯುವ ಹಾಗೂ ಇಲ್ಲ, ಹೇಳುವ ಹಾಗೂ ಇಲ್ಲ. ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ, ಅದರಲ್ಲೇ ನೋಡಿಕೊ.