ಮತ್ತೆ ಚಿಗುರಿದ ನರ

ನಡುತಿಂಗಳ ಮೂರನೆಯ ದಿನ, 2219
ಬಳ್ಳಾರಿ

ನನಗಿಂತ ಮೊದಲು ಬಾಳುತ್ತಿರುವವರಿಗೆ,

ಜೂನ್ ಮತ್ತು ಜುಲೈ ನಡುವೆ ನಾವೊಂದು ತಿಂಗಳು ಸೇರಿಸಿಕೊಂಡಿದ್ದೇವೆ. ತಾರೀಖು ವಿಚಿತ್ರವಾಗಿ ಕಂಡರೆ, ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ನಾನು ನೋವುಗಾವಲಿನವಳು. ಮನೆಮನೆಗೆ ಹೋಗಿ, ಅಂಗೈಯಗಲದ ತೆಳು ಹಾಳೆಯೊಂದನ್ನು ಮೈಗೆ ಹಚ್ಚಿ, ನೋವು ಯಾವ ನರದಲ್ಲಿ ಹರಿಯುತ್ತಿದೆಯೆಂದು ನೋಡಿ ಹೇಳುವುದು ನನ್ನ ಕೆಲಸ.

ನಿಮ್ಮ ಕಾಲದಲ್ಲಿದ್ದ ನಮ್ಮ ಹಿರಿಯಜ್ಜಿ ಹುಲಿಗೆಮ್ಮ ತನ್ನ ಕಥೆಯನ್ನು ತಾನೇ ಹೇಳಿಕೊಂಡ ದನಿಮುದ್ರಣ ನಮ್ಮ ಮನೆಯಲ್ಲಿ ಉಳಿದಿದೆ. ಅವಳು ಇದೇ ಊರಿನಲ್ಲಿ ಜೀನ್ಸ್ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷ ಬಾಗಿ ಕೂತು ಬೆನ್ನಿನ ಕೀಲುಗಳು ಸವೆದಿದ್ದವು. ತಂಗಿ ಪಂಪಾವತಿಗೆ ಚಿಕ್ಕಂದಿನಿಂದ ಇದ್ದಕ್ಕಿದ್ದಂತೆ ಎದೆಬಡಿತ ಓಟಕ್ಕೆ ಬೀಳುವ ಕಾಯಿಲೆ. ಹೃದಯದಲ್ಲಿದ್ದ ಒಂದು ಹೆಚ್ಚುವರಿ ವಿದ್ಯುತ್ ದಾರಿಯನ್ನು ವೈದ್ಯರು ರೇಡಿಯೋ ತರಂಗದ ಕಾವಿನಿಂದ ಸುಟ್ಟರು. ಆ ಕಾಯಿಲೆ ಮತ್ತೆಂದೂ ಬರಲಿಲ್ಲ. ಬೆನ್ನುನೋವಿಗೂ ಅದೇ ಚಿಕಿತ್ಸೆ ಉಂಟೆಂದು ತಿಳಿದ ಪಂಪಾವತಿ ಅಕ್ಕನನ್ನು ಬಿಡಲಿಲ್ಲ.

“ನಂಗೆ ಪೂರಾ ವಾಸಿ ಆತಲ್ಲಕ್ಕ, ನಿಂಗೂ ಆಗ್ತೈತೆ. ಸುಮ್ನೆ ಬಾ.”

ಚಿಕಿತ್ಸೆ ಮಾಡಿಸಿಕೊಂಡ ಮೇಲೆ ಹನ್ನೊಂದು ತಿಂಗಳು ಹುಲಿಗೆಮ್ಮ ನೆಟ್ಟಗೆ ನಡೆದಳು, ಚೆನ್ನಾಗಿ ನಿದ್ದೆ ಮಾಡಿದಳು. ಹನ್ನೆರಡನೆಯ ತಿಂಗಳು, ಬಟ್ಟೆಯ ಗಂಟೆತ್ತುವಾಗ ನೋವು ಮರಳಿತು. “ನಿನ್ ಮಾತು ಕೇಳಿ ಕೆಟ್ಟೆ” ಎಂದವಳು ತಂಗಿಯೊಡನೆ ನಾಲ್ಕು ತಿಂಗಳು ಮಾತು ಬಿಟ್ಟಳು. ಕೊನೆಗೆ ಪಂಪಾವತಿಯೇ ಬಂದು ಅವಳನ್ನು ಬೆನ್ನಿಗೆ ಚಿಕಿತ್ಸೆ ಮಾಡಿದ್ದ ವೈದ್ಯರ ಮುಂದೆ ಕೂರಿಸಿದಳು.

“ನಿಮ್ಮ ತಂಗೀದು ಸುಟ್ಟ ಜಾಗ ಕಲೆಯಾಗಿ ನಿಂತಿತಮ್ಮ, ಆ ದಾರಿ ಮುಚ್ಚಿಹೋಯ್ತು” ಎಂದರು ವೈದ್ಯರು. “ನಿಮಗೆ ಸುಟ್ಟಿದ್ದು ನೋವಿನ ಸುದ್ದಿ ಒಯ್ಯೋ ನರ. ಅದು ಮತ್ತೆ ಬೆಳೆಯುತ್ತೆ. ಕೀಲಿನ ಸವೆತಕ್ಕೆ ಇದು ಮದ್ದಲ್ಲ.”

“ಇದನ್ನ ಮೊದ್ಲೇ ಹೇಳಿದ್ರೆ ಏನಾಗ್ತಿತ್ತು?”

ವೈದ್ಯರು ಒಪ್ಪಿಕೊಂಡರು. “ಹೇಳಬೇಕಿತ್ತಮ್ಮ. ತಪ್ಪಾಯ್ತು.”

ಹುಲಿಗೆಮ್ಮ ಎಲ್ಲ ತಿಳಿದೇ ಎರಡನೆಯ ಸಲ ಮಾಡಿಸಿಕೊಂಡಳು. ಈ ಸಲ ನೋವಿಲ್ಲದೆ ಸಿಕ್ಕ ತಿಂಗಳುಗಳಲ್ಲಿ ವ್ಯಾಯಾಮ ಕಲಿತು ಬೆನ್ನು ಗಟ್ಟಿಮಾಡಿಕೊಂಡಳು. ಹೊಲಿಗೆ ಬಿಟ್ಟು, ನಿಂತು ಬಟ್ಟೆ ಕತ್ತರಿಸುವ ಕೆಲಸಕ್ಕೆ ಹೋದಳು. ಮೂರನೆಯ ಸಲದ ಕಾವಿನ ಫಲ ಎರಡೇ ತಿಂಗಳು ನಿಂತಿತು. ಆಗ ಅವಳಿಗೆ ಬೇಸರವಾಯಿತು, ಆದರೆ ಮೋಸಹೋದೆ ಎನಿಸಲಿಲ್ಲವಂತೆ. ತಂಗಿ ಪಕ್ಕದಲ್ಲೇ ಇದ್ದಳು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪಕ್ಕದ ಮನೆಯವರಿಗೆ ಏನಾಯಿತೆಂದು ನೋಡಿ ಯಾವ ಚಿಕಿತ್ಸೆಯನ್ನೂ ನಂಬಲೂಬೇಡಿ, ಅದಕ್ಕೆ ಹೆದರಲೂಬೇಡಿ. ನಿಮ್ಮ ಕಾಯಿಲೆಗೆ ಅದು ಎಷ್ಟು ಮಾಡೀತು, ಎಷ್ಟು ದಿನ ನಿಂತೀತು ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ನಾಳೆ ನಾನೊಬ್ಬ ಹಿರಿಯರ ಮನೆಗೆ ಹೋಗಬೇಕು. ಅವರ ಮೊಣಕಾಲಿಗೆ ನಮ್ಮ ಕಾಲದ ಕಾವೂ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲಲಾರದು. ಅವರು ಬಹಳ ಆಸೆಯಿಟ್ಟುಕೊಂಡಿದ್ದಾರೆ; ಹೇಗೆ ಹೇಳುವುದೆಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ.

ನಿಮ್ಮವಳು,
ನೇಸರಿ